ಅಪ್ಪನ ಜನತಾ: ಸರ್ವಿಸ್ ಆದ ಮೇಲಿನ ಮೊದಲ ವಾರ

ಅಪ್ಪನ ಕೀ ಕೊಡುವ ಎಚ್‌ಎಂಟಿ ‘ಜನತಾ’ ಕೈಗಡಿಯಾರ ಏಳು ದಿನಗಳಲ್ಲಿ ಒಟ್ಟು 112 ಸೆಕೆಂಡು ಮುಂದೆ ಓಡಿದೆ, ಅಂದರೆ ದಿನಕ್ಕೆ 16 ಸೆಕೆಂಡು. ಕಳೆದ ತಿಂಗಳು ಇದೇ ಗಡಿಯಾರ ದಿನಕ್ಕೆ ಆರು ನಿಮಿಷ ಹಿಂದೆ ಬೀಳುತ್ತಿತ್ತು. ಸಂಜೆಯಾಗುವಷ್ಟರಲ್ಲಿ ನಿಂತೇ ಹೋಗುತ್ತಿತ್ತು. ಒಳಗಿನ ಎಣ್ಣೆ ಒಣಗಿ ಅಂಟಾಗಿತ್ತು. ಬಿಚ್ಚಿ ತೊಳೆದು, ಹೊಸ ಸ್ಪ್ರಿಂಗ್ ಹಾಕಿಸಿದ ಮೇಲೆ ಈಗ ಬೆಳಿಗ್ಗೆ ಹಾಲು ಕಾಯಲು ಇಟ್ಟು ಒಮ್ಮೆ ಕೀ ಕೊಟ್ಟರೆ ಮರುದಿನ ಅದೇ ಹೊತ್ತಿಗೂ ಓಡುತ್ತಿರುತ್ತದೆ.

ರಾತ್ರಿ ಹೇಗೆ ಇಡುತ್ತೇವೆ ಎಂಬುದರಿಂದಲೂ ವ್ಯತ್ಯಾಸವಾಗುತ್ತದೆ. ಡಯಲ್ ಮೇಲೆ ಮಾಡಿ ಮಲಗಿಸಿದರೆ ಮುಂದೆ ಓಡುತ್ತದೆ, ಅಂಚಿನ ಮೇಲೆ ನಿಲ್ಲಿಸಿದರೆ ತುಸು ನಿಧಾನವಾಗುತ್ತದೆ. ನಿಲ್ಲಿಸಿದಾಗ ಬ್ಯಾಲೆನ್ಸ್ ಚಕ್ರದ, ಅಂದರೆ ಅತ್ತಿತ್ತ ತೂಗುತ್ತ ಗಡಿಯಾರದ ವೇಗ ಕಾಯುವ ಚಕ್ರದ, ಅಚ್ಚಿನ ತುದಿಗಳು ಪಕ್ಕಕ್ಕೆ ಉಜ್ಜುತ್ತವೆ, ಅದರ ತೂಗಾಟ ಕುಗ್ಗುತ್ತದೆ. ಮೂರು ರಾತ್ರಿಗಳಿಂದ ನಿಲ್ಲಿಸಿಯೇ ಇಡುತ್ತಿದ್ದೇನೆ.

ಮುಚ್ಚಳ ತೆರೆದ ದಿನ ನನಗೆ ಹಬ್ಬವೇ ಆಗಿತ್ತು. ಒಳಗಿರುವುದು ಎಚ್‌ಎಂಟಿಯ 0231 ಯಂತ್ರ: ಸವೆತ ತಡೆಯಲು ಅಚ್ಚುಗಳು ತಿರುಗುವಲ್ಲಿ ಮತ್ತು ಉಜ್ಜುವ ಭಾಗಗಳಲ್ಲಿ ಕೂರಿಸಿದ 17 ಕಲ್ಲುಗಳು (ಜ್ಯುವೆಲ್), ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಡಯಲ್ ಮೇಲಿನ ‘ಪ್ಯಾರಾ ಶಾಕ್’ ಎಂಬ ಮಾತು ಎಲ್ಲಿಂದ ಬಂತೆಂದು ಹುಡುಕಿದೆ. ಗಡಿಯಾರ ಕೈಜಾರಿ ಬಿದ್ದರೂ ಬ್ಯಾಲೆನ್ಸ್‌ನ ಅಚ್ಚು ಮುರಿಯದಂತೆ ಕಾಯುವ ವ್ಯವಸ್ಥೆಗೆ ಜಪಾನಿನ ಸಿಟಿಜನ್ ಕಂಪನಿ ಇಟ್ಟ ಹೆಸರು ಅದು. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರ ತಯಾರಿಕೆ ಆರಂಭವಾದದ್ದು ಆ ಕಂಪನಿಯ ಸಹಯೋಗದಿಂದಲೇ. ಇಷ್ಟು ವರ್ಷ ಅಪ್ಪನ ಮಣಿಕಟ್ಟಿನ ಮೇಲೆ ಆ ಚರಿತ್ರೆ ಬರೆದೇ ಇತ್ತು, ನಾನು ಓದಿರಲಿಲ್ಲ.

ಇನ್ನು ಡಯಲ್‌ನ ವಿಚಾರ. ಬಿಳುಪು ಮಾಸಿ ಬೆಣ್ಣೆಯ ಬಣ್ಣಕ್ಕೆ ತಿರುಗಿದೆ, ನಾಲ್ಕರ ಬಳಿ ತೇವದ ಕಲೆಯಿದೆ. ‘ಹೊಸದರಂತೆ ಬಣ್ಣ ಹೊಡೆಸಿಕೊಡುತ್ತೇನೆ ಸಾರ್’ ಎಂದು ರಿಪೇರಿಯವರು ಪ್ರೀತಿಯಿಂದಲೇ ಹೇಳಿದರು. ಹೂಂ ಎನ್ನುವವನಿದ್ದೆ. ತಡೆದದ್ದು ಎರಡು ವರ್ಷದ ಹಿಂದೆ ಹಳೆಯ ಅಂಗಡಿಯೊಂದರಲ್ಲಿ ಹೊಳಪು ನೋಡಿ ಕೊಂಡಿದ್ದ ಕೆಂಪು ಡಯಲ್‌ನ ಇನ್ನೊಂದು ಜನತಾ. ಅದನ್ನು ಭೂತಗನ್ನಡಿಯಲ್ಲಿ ನೋಡಿದರೆ ನಿಮಿಷದ ಗೆರೆಗಳು ಗಂಟೆಯ ಗುರುತುಗಳಿಗೆ ಸೇರುವುದಿಲ್ಲ, ಅಕ್ಷರಗಳು ದಪ್ಪವಾಗಿ ಅಂಚು ಹರಡಿವೆ, ಮುಳ್ಳಿನ ರಂಧ್ರದ ಸುತ್ತ ಬಣ್ಣ ಗಟ್ಟಿಯಾಗಿ ನಿಂತಿದೆ. ಯಂತ್ರ ಅಸಲಿ, ಮುಖ ಮಾತ್ರ ಬೇರೆ ಯಾರೋ ಬರೆದದ್ದು. ಅಪ್ಪನದರಲ್ಲಿ ಅದೇ ಕನ್ನಡಿಗೆ ಒಂದೊಂದು ಗೆರೆಯೂ ಕೂದಲಿನಷ್ಟು ಸಣ್ಣ, ನೇರ. ಒಮ್ಮೆ ಒರೆಸಿದರೆ ಅದು ಮರಳಿ ಬರುವುದಿಲ್ಲ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ ಮೇಲಂತೂ ಹೊಸ ಅಸಲಿ ಡಯಲ್ ಸಿಗುವ ಆಸೆಯೂ ಇಲ್ಲ.

ಕಲೆ ಇರಲಿ ಎಂದೆ. ಗೀಚಿದ್ದ ಗಾಜನ್ನಷ್ಟೇ ಬದಲಾಯಿಸಿದ್ದೇವೆ, ಹಳೆಯ ಗಾಜು ಡಬ್ಬಿಯಲ್ಲಿದೆ.

ಕೈಗೆ ಕಟ್ಟುವ ಪಟ್ಟಿ ಹಾಕಿಸುವುದು ಇನ್ನೂ ಬಾಕಿ. ಅಗಲ 18 ಮಿ.ಮೀ. ಅಪ್ಪ ಕಂದು ಚರ್ಮದ್ದೇ ಬೇಕು ಎನ್ನುತ್ತಾರೆ. ಮುಂದಿನ ವಾರ ಅವರ ಕೈಗೇ ಕಟ್ಟಿ, ದಿನಕ್ಕೆ ಎಷ್ಟು ಸೆಕೆಂಡು ಎಂದು ಮತ್ತೆ ಬರೆದಿಡುತ್ತೇನೆ.