"ಬರೀ ವರ್ಣನೆ ತಾನೇ, ಎತ್ತಿಬಿಡಿ"

ಪುಟದಲ್ಲಿ ಜಾಗ ಸಾಲದಿದ್ದರೆ ಕಥೆಯಲ್ಲಿ ಮೊದಲು ಕತ್ತರಿ ಬೀಳುವುದು ವರ್ಣನೆಗೆ. ಪುರವಣಿ ಡೆಸ್ಕಿನಲ್ಲಿ ಕೂತವರಿಗೆಲ್ಲ ಇದು ಗೊತ್ತು. ಘಟನೆ ಮುಟ್ಟಬೇಡಿ, ಡೈಲಾಗ್ ಮುಟ್ಟಬೇಡಿ, ವರ್ಣನೆ ತೆಗೀರಿ ಅಂತಾರೆ. ಈ ಮಾತು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಮ್ಮ ಹಿಂದಿನ ದೀಪಾವಳಿ ವಿಶೇಷಾಂಕದಲ್ಲಿ ಒಂದು ಒಳ್ಳೆಯ ಕಥೆ ಇದರಿಂದಲೇ ಹಾಳಾಗುವುದರಲ್ಲಿತ್ತು.

ಬರೆದವರು ಶಿರಸಿ ಕಡೆಯ ಹೊಸಬರು. ಅಡಿಕೆ ಸುಲಿಯುವ ಹೆಂಗಸೊಬ್ಬಳ ಕಥೆ. ಕೊನೆಯಲ್ಲಿ ಅವಳು ರೇಷನ್ ಅಂಗಡಿಗೆ ಹೋಗುತ್ತಾಳೆ. ಹೆಬ್ಬೆಟ್ಟು ಇಡುತ್ತಾಳೆ, ಮೆಷಿನ್ ತಗೊಳ್ಳುವುದಿಲ್ಲ. ಸೆರಗಿಗೆ ಒರೆಸಿ ಮತ್ತೆ ಇಡುತ್ತಾಳೆ, ಇನ್ನೊಂದು ಬೆರಳು ಇಡುತ್ತಾಳೆ, ಊಹೂಂ. ಹಿಂದೆ ನಿಂತವರು ಗೊಣಗುತ್ತಾರೆ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಪಕ್ಕಕ್ಕೆ ಸರಿಯುತ್ತಾಳೆ. ಅಷ್ಟೇ.

ಪುಟ ಬಿಡುವ ದಿನ ಸಂಜೆ ಅರ್ಧ ಪುಟದ ಒಡವೆ ಜಾಹೀರಾತು ಬಂತು. ಅದೇ ಕಲರ್ ಪೇಜೇ ಬೇಕಂತೆ. ಪುಟವನ್ನು ಮುದ್ರಣದ ಪ್ಲೇಟಿಗೆ ಕಳಿಸಲು ಮುಕ್ಕಾಲು ಗಂಟೆಯೂ ಇರಲಿಲ್ಲ, ಕಥೆಯಿಂದ 250 ಪದ ಹೋಗಬೇಕಿತ್ತು. ನಮ್ಮ ಚೀಫ್ ಸಬ್ (ಮುಖ್ಯ ಉಪಸಂಪಾದಕರು) ನಿಂತಲ್ಲೇ ಪ್ರಿಂಟ್‌ಔಟ್ ಮೇಲೆ ಕಣ್ಣಾಡಿಸಿ, "ಮೂರನೇ ಪ್ಯಾರಾ ಪೂರ್ತಿ ಎತ್ತಿಬಿಡ್ರೀ, ಬರೀ ವರ್ಣನೆ" ಅಂದರು. ಡಿಸೈನರ್ ಎತ್ತಿಯೂ ಬಿಟ್ಟ. ಪುಟ ನೀಟಾಗಿ ಕೂತಿತು.

ಪ್ರೂಫ್ ಓದುತ್ತಾ ಕೊನೆಗೆ ಬಂದರೆ ಕಥೆಯೇ ಬೇರೆಯಾಗಿತ್ತು. ರೇಷನ್ ಅಂಗಡಿ ಮೆಷಿನ್ ಕೆಟ್ಟಿದೆ, ಪಾಪ ಯಾರೋ ಹೆಂಗಸು ವಾಪಸ್ ಹೋದಳು ಅನ್ನುವ ಹಾಗೆ. ಎತ್ತಿ ಹಾಕಿದ ಪ್ಯಾರಾದಲ್ಲಿ ಇದ್ದದ್ದು ಅವಳ ಬೆರಳು. ರಾತ್ರಿ ಬಲ್ಬಿನ ಕೆಳಗೆ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಾಳೆ. ಪಕ್ಕದ ಹಂಡೆಯಲ್ಲಿ ಚೊಗರು, ಅಂದರೆ ಅಡಿಕೆ ಬೇಯಿಸುವ ನೀರು, ಕುದಿಯುತ್ತಿದೆ, ಅದರ ಹಬೆ ಮುಖಕ್ಕೆ ಹೊಡೆದು ಬಾಯಿಯೆಲ್ಲ ಒಗರು. ಹಸಿ ಸಿಪ್ಪೆಯ ರಸ ಹೆಬ್ಬೆರಳ ಗೆರೆಗಳೊಳಗೆ ಕಪ್ಪಾಗಿ ಕೂತಿದೆ, ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಕತ್ತಿ ತಾಗಿ ತಾಗಿ ಬೆರಳ ತುದಿ ದೊರಗಾಗಿದೆ, ಕೂಸಿನ ಕೆನ್ನೆ ಮುಟ್ಟಲೂ ಹಿಂಜರಿಯುತ್ತಾಳೆ. ಇದು ಗೊತ್ತಿದ್ದರೆ ಮಾತ್ರ ಆ ಮೆಷಿನ್ ಯಾಕೆ ಬೇಡ ಅಂತು ಅನ್ನುವುದು ಓದುಗನಿಗೆ ತಟ್ಟುತ್ತದೆ. ಲೇಖಕಿ ಎಲ್ಲೂ ಬಾಯಿಬಿಟ್ಟು ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ, ಅಲ್ವಾ?

ನಾನು ಎದ್ದು ಹೋಗಿ, "ಸರ್, ಆ ಪ್ಯಾರಾ ವಾಪಸ್ ಬೇಕು" ಅಂದೆ. ಅವರು ಗಡಿಯಾರ ನೋಡಿದರು. "ಅಷ್ಟೇ ಪದ ಬೇರೆ ಕಡೆ ತೆಗೀತೀರಾ?" ತೆಗೀತೀನಿ ಅಂದೆ.

ತೆಗೆಯಲು ಬೇಕಾದಷ್ಟಿತ್ತು. ಮೊದಲೆರಡು ಪ್ಯಾರಾದಲ್ಲಿ ರಮಣೀಯ ಮಲೆನಾಡು, ಹೊನ್ನಿನ ಕಿರಣ, ನಯನಮನೋಹರ ಹಸಿರು, ಮುಗ್ಧ ಜನ ಎಲ್ಲ ಸಾಲಾಗಿ ಇದ್ದವು. ಹೊಸಬರು ಕಥೆ ಶುರುಮಾಡುವಾಗ ಹೀಗೆ ಬರೆಯಲೇಬೇಕು ಅಂದುಕೊಂಡಿರುತ್ತಾರೆ. ಅವರ ತಪ್ಪಲ್ಲ, ಶಾಲೆಯ ಪ್ರಬಂಧದಲ್ಲಿ ಇದಕ್ಕೇ ಜಾಸ್ತಿ ಮಾರ್ಕ್ಸ್ ಕೊಟ್ಟು ಕಲಿಸಿದ್ದೇವೆ. ಶಿರಸಿ ತಾಲ್ಲೂಕಿನಲ್ಲೇ ಬನವಾಸಿ ಇದೆ. 10ನೇ ಶತಮಾನದ ಪಂಪ ಅದನ್ನು ನೆನೆದದ್ದು ತೆಂಕಣ ಗಾಳಿ ಮೈಗೆ ಸೋಕಿದರೆ, ಇಂಪಾದ ಹಾಡು ಕಿವಿಗೆ ಬಿದ್ದರೆ, ಬಿರಿದ ಮಲ್ಲಿಗೆ ಕಂಡರೆ ಅಂತ. ಆ ಪದ್ಯದಲ್ಲಿ ಊರು ಚೆಂದ ಅನ್ನುವ ಒಂದು ಮಾತೂ ಇಲ್ಲ.

ಹಾಗಂತ ವಿಶೇಷಣವೆಲ್ಲ ಬೇಡ ಅಂತ ನಾನು ಹೇಳುವುದಿಲ್ಲ. "ಹಸಿ ಸಿಪ್ಪೆ" ಅನ್ನುವುದರಲ್ಲಿ ಹಸಿ ತೆಗೆದರೆ ಕೈಗೆ ಕಪ್ಪು ಎಲ್ಲಿಂದ ಬಂತು ಅನ್ನುವುದೇ ಹೋಗುತ್ತದೆ. "ರಮಣೀಯ ಮಲೆನಾಡು" ಅನ್ನುವುದರಲ್ಲಿ ರಮಣೀಯ ತೆಗೆದರೆ ಮಲೆನಾಡು ಅಲ್ಲೇ ಇರುತ್ತದೆ. ಆವತ್ತು ನಾನು ಇದೊಂದನ್ನೇ ನೋಡಿಕೊಂಡು ಕತ್ತರಿ ಆಡಿಸಿದೆ. ಬೆಳಗಿನ ಸೂರ್ಯ ಪೂರ್ತಿ ಹೋದ. ಮುಗ್ಧ ನಗು ಹೋಯಿತು. ಸುಲಿಯುವವರ ಹರಟೆ, ಗೋಣಿಚೀಲ ಎಳೆಯುವ ಸದ್ದು ಉಳಿಸಿದೆ.

ಜಾಗ ಸಿಕ್ಕಿತು, ಆದರೆ ಪ್ಯಾರಾ ವಾಪಸ್ ಹಾಕುವುದೇ ದೊಡ್ಡ ಕೆಲಸವಾಯಿತು. ಡಿಸೈನರ್ ಆಗಲೇ ಫೈಲ್ ಸೇವ್ ಮಾಡಿ ಮುಚ್ಚಿ, ಮುಂದಿನ ಪುಟ ತೆರೆದಿದ್ದ. ಮೇಲ್‌ನಲ್ಲಿ ಬಂದಿದ್ದ ಮೂಲ ಪ್ರತಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿತ್ತು, ನಮ್ಮದು ಯೂನಿಕೋಡ್. ಕನ್ವರ್ಟ್ ಮಾಡಿದರೆ ಅರ್ಕಾವತ್ತುಗಳೆಲ್ಲ ಜಾಗ ಬಿಟ್ಟವು, ಒತ್ತಕ್ಷರ ಕೆಲವು ಮಾಯ. ಅಷ್ಟು ಹೊತ್ತಿಗೆ ಪ್ರೆಸ್ಸಿನಿಂದ ಫೋನ್ ಮೇಲೆ ಫೋನ್. ಕೊನೆಗೆ ನಾನು ಪ್ರಿಂಟ್‌ಔಟ್ ಹಿಡಿದು ಗಟ್ಟಿಯಾಗಿ ಓದುತ್ತಾ ಹೋದೆ, ಅವನು ಟೈಪ್ ಮಾಡುತ್ತಾ ಹೋದ. ಕೂಸಿನ ಕೆನ್ನೆಯ ಸಾಲು ಬಂದಾಗ ಅವನ ಕೈ ಸ್ವಲ್ಪ ಹೊತ್ತು ನಿಂತಿತು. "ಮೇಡಂ, ಇದನ್ನ ಯಾಕೆ ತೆಗೆಸಿದ್ರು?" ಅಂತ ಕೇಳಿದ. ಪುಟ ತಡವಾಗಿ ಹೋಯಿತು, ಬೈಸಿಕೊಂಡೂ ಆಯಿತು.

ಲೇಖಕಿಗೆ ರಾತ್ರಿಯೇ ಫೋನ್ ಮಾಡಿ ಏನೇನು ತೆಗೆದೆ ಅಂತ ಒಂದೊಂದಾಗಿ ಹೇಳಿದೆ. ಸೂರ್ಯ ಹೋದದ್ದಕ್ಕೆ ಅವರಿಗೆ ಬೇಜಾರಾಯಿತು, ಅದನ್ನು ಕಷ್ಟಪಟ್ಟು ಬರೆದಿದ್ದರಂತೆ. ಬೆರಳಿನ ಪ್ಯಾರಾ ಹೇಗೆ ಬರೆದಿರಿ ಅಂತ ಕೇಳಿದೆ. "ಅದಾ? ಸುಮ್ನೆ ಬಂತು ಮೇಡಂ, ನಮ್ಮನೆಯಲ್ಲಿ ಸುಲಿಯೋಕೆ ಬರೋರ ಕೈ ನೋಡಿದ್ದೆ" ಅಂದರು.

ಈ ವರ್ಷದ ವಿಶೇಷಾಂಕದ ಮೀಟಿಂಗಿನಲ್ಲಿ ಎರಡು ವಿಷಯ ಕೇಳಿದ್ದೇನೆ. ಕಥೆಯ ಪುಟಗಳ ಜಾಹೀರಾತು ಡಮ್ಮಿ, ಅಂದರೆ ಯಾವ ಪುಟದಲ್ಲಿ ಎಲ್ಲಿ ಜಾಹೀರಾತು ಅನ್ನುವ ನಕ್ಷೆ, ಒಂದು ದಿನ ಮೊದಲೇ ಡೆಸ್ಕಿಗೆ ಬರಬೇಕು. ಕಥೆಯನ್ನು ಪೂರ್ತಿ ಓದದೆ ಯಾರೂ, ಯಾರೇ ಆಗಲಿ, ಪ್ಯಾರಾ ಎತ್ತಬಾರದು. ಮೊದಲನೆಯದಕ್ಕೆ ನೋಡೋಣ ಅಂದಿದ್ದಾರೆ. ಎರಡನೆಯದಕ್ಕೆ ಚೀಫ್ ಸಬ್ ಅವರೇ ಹೂಂ ಅಂದರು.