ಡೆಕ್ಕಿನ ಮೇಲೆ ಸಿಕ್ಕಿದ ಪಿನ್ನು

ಅಟ್ಲಾಂಟಿಕ್ ಸಾಗರದಲ್ಲಿ ಸ್ಪೇನಿಗೆ ಸೇರಿದ ಗ್ರಾನ್ ಕೆನೇರಿಯಾ ದ್ವೀಪದ ಲಾಸ್ ಪಾಲ್ಮಾಸ್ ಬಂದರನ್ನು ಬಿಟ್ಟು ಅಂದಿಗೆ 11 ದಿನಗಳಾಗಿದ್ದವು. 40 ಅಡಿ ಉದ್ದದ ಆ ಹಾಯಿದೋಣಿಯಲ್ಲಿ ಇದ್ದವರು ಅದರ ಒಡೆಯರಾದ ನಿವೃತ್ತ ದಂಪತಿ ಮತ್ತು ಕೆಲಸಕ್ಕೆ ನೆರವಾಗಲೆಂದು ಸೇರಿಕೊಂಡಿದ್ದ ನಾನು. ಕೆರಿಬಿಯನ್ನಿನ ಸೇಂಟ್ ಲೂಸಿಯಾ ಸುಮಾರು 2,700 ನಾಟಿಕಲ್ ಮೈಲಿ ದೂರ. ಈಶಾನ್ಯದ ವಾಣಿಜ್ಯ ಮಾರುತ ಬೆನ್ನಿಗಿದ್ದರೂ ಮೂರು ವಾರಗಳ ಹಾದಿ.

ರಾತ್ರಿಯ ಪಾಳಿ ತಲಾ 3 ಗಂಟೆ. ಕೊನೆಯ ಪಾಳಿಯವರು ಬೆಳಕು ಹರಿದೊಡನೆ ಡೆಕ್ಕನ್ನು ಒಂದು ಸುತ್ತು ಹಾಕಿ, ರಾತ್ರಿ ಬಂದು ಬಿದ್ದ ಹಾರುಮೀನುಗಳನ್ನು ತೆಗೆದು, ಹಗ್ಗಗಳು ಎಲ್ಲಿ ಉಜ್ಜಿ ಸವೆದಿವೆ, ಹಾಯಿಯ ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ನೋಡಬೇಕಿತ್ತು. ನಮ್ಮ ಮಲ್ಪೆಯ ಕಡೆ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಯ ನಿಷೇಧವಿರುವುದರಿಂದ ದೊಡ್ಡ ದುರಸ್ತಿಗಳನ್ನು ಆ ಬಿಡುವಿಗೆ ಇಟ್ಟುಕೊಳ್ಳುತ್ತಾರೆ. ಇಲ್ಲಿ ಅಂಥ ಬಿಡುವಿಲ್ಲ. ಉಟ್ಟ ಬಟ್ಟೆಗೆ ಉಟ್ಟಂತೆಯೇ ತೇಪೆ ಹಾಕಿಕೊಳ್ಳಬೇಕು.

ಅಂದು ಬೆಳಿಗ್ಗೆ ಹಾಯಿ ಕಟ್ಟುವ ಕಂಬವಾದ ಕೂವೆಮರದ ಬುಡದಲ್ಲಿ, ಮೀನಿನ ಪೊರೆಗಳ ನಡುವೆ, ಒಂದು ಸ್ಪ್ಲಿಟ್ ಪಿನ್ ಸಿಕ್ಕಿತು, ಅಂದರೆ ಕೀಲು ಜಾರಿ ಹೊರಬರದಂತೆ ತಡೆಯುವ ಎರಡು ಕಾಲಿನ ಚಿಕ್ಕ ಪಿನ್ನು; ಅದರ ಒಂದು ಕಾಲು ಮುರಿದಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ ಕ್ಯಾಪ್ಟನ್ ಕಾಫಿಯ ಲೋಟವನ್ನು ಅಲ್ಲೇ ಇಟ್ಟರು. ಪಿನ್ನು ಕಳಚಿತೆಂದರೆ ಅದು ತಡೆದು ಹಿಡಿದಿದ್ದ ದೊಡ್ಡ ಕೀಲು ಎಲ್ಲೋ ಸಡಿಲಾಗುತ್ತಿದೆ ಎಂದೇ ಅರ್ಥ. ಕೂವೆಮರವನ್ನು ಇಕ್ಕೆಲಗಳಲ್ಲಿ ಎಳೆದು ನಿಲ್ಲಿಸುವ ಉಕ್ಕಿನ ತಂತಿಗಳ ಬುಡದಲ್ಲಿ ಸುತ್ತಿದ್ದ ಟೇಪನ್ನು ಒಂದೊಂದಾಗಿ ಬಿಚ್ಚಿ ನೋಡಿದೆವು, ಪಿನ್ನುಗಳೆಲ್ಲ ಇದ್ದವು. ರಾಟೆಗಳಲ್ಲೂ ಇದ್ದವು, ಅಂಚಿನ ಕಾವಲು ತಂತಿಯಲ್ಲೂ ಇದ್ದವು. ಈ ನಡುವೆ ದಿನದ ಕೆಲಸಗಳೂ ನಿಲ್ಲುವಂತಿರಲಿಲ್ಲ. ಫ್ರಿಜ್ಜಿಲ್ಲದೆ ಇಟ್ಟ ಮೊಟ್ಟೆಗಳನ್ನು ಮಗುಚಿ ಹಾಕಬೇಕು, ತಳದಲ್ಲಿ ನೀರು ಸೇರಿದೆಯೇ ಎಂದು ನೋಡಬೇಕು, ಬ್ಯಾಟರಿಗಾಗಿ ಒಂದು ಗಂಟೆ ಎಂಜಿನ್ ಓಡಿಸಬೇಕು.

ಹತ್ತು ಗಂಟೆಯ ಹೊತ್ತಿಗೆ ಉತ್ತರ ಸಿಕ್ಕಿತು. ಗಾಳಿ ಹೆಚ್ಚಿದ್ದರಿಂದ ದೊಡ್ಡ ಹಾಯಿಯನ್ನು ಮಡಿಸಿ ಚಿಕ್ಕದು ಮಾಡಿದ್ದೆವು. ಆ ಮಡಿಕೆಗಳ ರಾಶಿಯ ಹಿಂದೆ, ಹಾಯಿಯ ಕೆಳ ಅಂಚನ್ನು ಹಿಡಿದಿಡುವ ಅಡ್ಡ ತೊಲೆಯಾದ ಬೂಮ್ ಕೂವೆಮರಕ್ಕೆ ಸೇರುವ ತಿರುಗಣೆಯ ಕೀಲು ಅರ್ಧ ಬೆರಳಿನಷ್ಟು ಮೇಲೆದ್ದಿತ್ತು. ಹಿಂಗಾಳಿಯಲ್ಲಿ ದೋಣಿ ಹಗಲಿರುಳೂ ಅತ್ತಿತ್ತ ಹೊರಳುತ್ತದೆ, ಪ್ರತಿ ಹೊರಳಿಗೂ ಬೂಮ್ ಆ ಕೀಲನ್ನು ಜಗ್ಗುತ್ತದೆ. 11 ದಿನಗಳ ಆ ಜಗ್ಗಾಟಕ್ಕೆ ಪಿನ್ನು ದಣಿದು ಮುರಿದಿತ್ತು. ಕೀಲು ಪೂರ್ತಿ ಹೊರಬಂದಿದ್ದರೆ 4 ಮೀಟರಿನ ಅಲ್ಯೂಮಿನಿಯಂ ತೊಲೆಯ ಒಂದು ತುದಿ ಡೆಕ್ಕಿನ ಮೇಲೆ ಅಂಕೆಯಿಲ್ಲದೆ ಬೀಸತೊಡಗುತ್ತಿತ್ತು.

ಕ್ಯಾಪ್ಟನ್ನರ ಪತ್ನಿ ಆಟೋಪೈಲಟ್ ನಿಲ್ಲಿಸಿ ಚುಕ್ಕಾಣಿಯನ್ನು ತಾವೇ ಹಿಡಿದರು. ಹೊರಳಾಟವನ್ನು ಅವರ ಕೈ ತಗ್ಗಿಸಿದಷ್ಟು ಯಂತ್ರ ಎಂದೂ ತಗ್ಗಿಸಲಾರದು. ದೊಡ್ಡ ಹಾಯಿಯನ್ನು ಪೂರ್ತಿ ಇಳಿಸಿ, ಮುಂದಿನ ಹಾಯಿಯೊಂದರಲ್ಲೇ ಸಾಗುತ್ತ, ಬೂಮನ್ನು ಎರಡು ಹಗ್ಗಗಳಿಂದ ಬಿಗಿದೆವು. ಎರಡು ಅಲೆಗಳ ನಡುವೆ ಭಾರ ಸಡಿಲವಾಗುವ ಗಳಿಗೆಯನ್ನು ಕಾದು, ಮರದ ಸುತ್ತಿಗೆಯಿಂದ ಒಂದೊಂದೇ ಪೆಟ್ಟು ಕೊಟ್ಟು ಕೀಲನ್ನು ಕೆಳಗಿಳಿಸಲು ಮುಕ್ಕಾಲು ಗಂಟೆ ಹಿಡಿಯಿತು. ಬಿಡಿಭಾಗಗಳ ಡಬ್ಬಿಯಲ್ಲಿ ಹತ್ತಾರು ಪಿನ್ನುಗಳಿದ್ದರೂ ಬೇಕಾದ ದಪ್ಪದ್ದು ಮಾತ್ರ ಇರಲಿಲ್ಲ. ಕಾವಲು ತಂತಿಯ ಒಂದು ಪಿನ್ನನ್ನು ಕಿತ್ತು ಇಲ್ಲಿಗೆ ಹಾಕಿ, ಡಬ್ಬಿಯ ತೆಳುವಾದದ್ದನ್ನು ಅಲ್ಲಿಗೆ ಹಾಕಿದೆವು.

ಮಧ್ಯಾಹ್ನದ ಹೊತ್ತಿಗೆ, ಕಟ್ಟಿಟ್ಟಿದ್ದ ಬಾಳೆಗೊನೆ ಒಮ್ಮೆಲೇ ಹಣ್ಣಾಗಿರುವುದು ಗಮನಕ್ಕೆ ಬಂದು, ಊಟವೆಂದರೆ ಬರೀ ಬಾಳೆಹಣ್ಣೇ ಆಯಿತು. ಎಂಜಿನ್ನಿನ ನೀರಿನ ಪಂಪಿಗೆ ಅಂದು ಹಾಕಬೇಕೆಂದಿದ್ದ ಹೊಸ ಇಂಪೆಲ್ಲರ್, ಅಂದರೆ ನೀರನ್ನು ತಳ್ಳುವ ಚಿಕ್ಕ ಚಕ್ರ, ಮರುದಿನಕ್ಕೆ ಹೋಯಿತು.