ಚೊಗರಿನ ಕಾಲಕ್ಕೆ ಸಾಗರ ಸೀಮೆ

ಸಾಗರಕ್ಕೆ ಹೊರಗಿನವರು ಬರುವುದು ಹೆಚ್ಚಾಗಿ ಮಳೆಗಾಲದಲ್ಲಿ, ಜೋಗ ನೋಡಲು. ಹೆಗ್ಗೋಡು, ಭೀಮನಕೋಣೆ ಮತ್ತು ಸುತ್ತಲಿನ, ದೀವರು ಎಂಬ ಬೇಸಾಯದ ಸಮುದಾಯದ ಊರುಗಳನ್ನು ನೋಡಬೇಕೆನ್ನುವವರಿಗೆ ಅದು ಕಾಲವಲ್ಲ. ಇಲ್ಲಿನ ಬಣ್ಣವಾಗಲಿ ಚಿತ್ತಾರವಾಗಲಿ ತೋಟ, ಗದ್ದೆಗಳ ಕೆಲಸಕ್ಕೆ ಅಂಟಿಕೊಂಡೇ ಬಂದದ್ದು. ಕೆಲಸ ನಡೆಯುವಾಗ ಹೋದರೆ ಕಾಣುತ್ತದೆ, ಇಲ್ಲದಿದ್ದರೆ ಬರೀ ಅಂಗಡಿ ಕಾಣುತ್ತದೆ. ದಸರೆಯಿಂದ ಅಡಿಕೆ ಸುಗ್ಗಿ ಇಳಿಯುವವರೆಗಿನ ತಿಂಗಳುಗಳು ಸರಿಯಾದವು.

ತಾಳಗುಪ್ಪದ ರೈಲು ಹತ್ತಿದರೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಹೆಗ್ಗೋಡಿಗೆ ಹತ್ತು ಕಿಲೋಮೀಟರಿನಷ್ಟು ದಾರಿ, ಬಸ್ಸೂ ಉಂಟು, ಆಟೋವೂ ಉಂಟು. ದಾರಿಯ ಎರಡೂ ಕಡೆ ತೋಟಗಳು. ಸುಗ್ಗಿಯಲ್ಲಿ ಅಂಗಳದ ತುಂಬ ಅಡಿಕೆ ಅಟ್ಟ, ಮೂಲೆಯ ಒಲೆಯ ಮೇಲೆ ದೊಡ್ಡ ಹಂಡೆ. ಪೂರ್ತಿ ಹಣ್ಣಾಗುವ ಮೊದಲೇ ಕೊಯ್ದ ಅಡಿಕೆಯನ್ನು ಸುಲಿದು ಬೇಯಿಸುತ್ತಾರೆ. ಅದೇ ನೀರಿನಲ್ಲಿ ಇನ್ನೊಂದು ಮತ್ತೊಂದು ಹಂಡೆ ಬೇಯಿಸಿದಂತೆಲ್ಲ ನೀರು ಕೆಂಪಾಗಿ ಮಂದವಾಗುತ್ತದೆ. ಅದೇ ಚೊಗರು. ಒಂದಷ್ಟನ್ನು ಅಡಿಕೆಗೇ ಲೇಪಿಸುತ್ತಾರೆ, ಹೊಳಪು ಬರುತ್ತದೆ. ಮಿಕ್ಕಿದ್ದು ಬಟ್ಟೆಗೆ ಬಣ್ಣ.

ಈ ಚೊಗರನ್ನು ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿರುವ ಚರಕ ಬಳಸುತ್ತದೆ. ರಂಗನಿರ್ದೇಶಕ ಪ್ರಸನ್ನ ಅವರ ಮುಂದಾಳ್ತನದಲ್ಲಿ ಹುಟ್ಟಿದ, ಹೆಂಗಸರ ಸಹಕಾರ ಸಂಘವಿದು. ಇಲ್ಲಿ ಕೈಮಗ್ಗದಲ್ಲಿ ನೇಯ್ದದ್ದು ‘ದೇಸಿ’ ಹೆಸರಿನ ಅಂಗಡಿಗಳಲ್ಲಿ ಮಾರಾಟವಾಗುತ್ತದೆ. ಬಣ್ಣದ ಮನೆಯನ್ನು ನೋಡಬೇಕಾದರೆ ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು. ಕುದಿಯುವ ಪಾತ್ರೆಗಳ ನಡುವೆ ಹತ್ತು ಜನ ಫೋಟೋ ತೆಗೆಯುತ್ತ ನಿಂತರೆ ಕೆಲಸ ಕೆಡುತ್ತದೆ.

ಚೊಗರಿನ ಬಣ್ಣ ಸುಲಭವೆಂದು ಕಾಣುತ್ತದೆ, ಸುಲಭವಲ್ಲ. ಹತ್ತಿಯ ನೂಲಿನಲ್ಲಿ ಹುಟ್ಟಿನಿಂದಲೇ ಮೇಣದಂಥ ಜಿಡ್ಡಿರುತ್ತದೆ. ಅದನ್ನು ಬಟ್ಟೆ ಸೋಡಾ ಹಾಕಿದ ನೀರಿನಲ್ಲಿ ಗಂಟೆಗಟ್ಟಲೆ ಕುದಿಸಿ ತೆಗೆಯಬೇಕು. ಇಲ್ಲಿ ಅವಸರ ಮಾಡಿದರೆ ಬಣ್ಣ ಮಚ್ಚೆ ಮಚ್ಚೆಯಾಗುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಬಣ್ಣ ನಿಲ್ಲಿಸಲು ಹಾಕುವ ಪಟಿಕ ಹತ್ತಿಯನ್ನು ನೇರವಾಗಿ ಹಿಡಿಯದು, ಮೊದಲು ಒಗರು (ಟ್ಯಾನಿನ್) ಬೇಕು. ಬೇರೆ ಬಣ್ಣಗಳಿಗಾದರೆ ಇದಕ್ಕೆಂದೇ ಅಳಲೆಕಾಯಿ ನೀರಿನಲ್ಲಿ ನೆನೆಸಬೇಕು. ಚೊಗರಿನಲ್ಲಿ ಒಗರು ಮೊದಲೇ ಇರುವುದರಿಂದ ಆ ಒಂದು ಕೆಲಸ ತಪ್ಪುತ್ತದೆ. ಮನೆಯಲ್ಲಿ ಮಾಡಿ ನೋಡುವವರಿಗೆ ಲೆಕ್ಕ ಹೀಗೆ: ಒಣಗಿದ ಬಟ್ಟೆ ಒಂದು ಕಿಲೋ ಇದ್ದರೆ ನೀರು 20 ಲೀಟರ್, ಪಟಿಕ 150 ಗ್ರಾಂ. ಚೊಗರಿನಲ್ಲಿ ಒಮ್ಮೆ ನೆನೆಸಿ, ಪಟಿಕದ ನೀರಿನಲ್ಲಿ ಅದ್ದಿ, ಮತ್ತೆ ಚೊಗರಿಗೆ. ಉಗುರುಬೆಚ್ಚಗಿರುವಾಗಲೇ ಬಟ್ಟೆ ಇಳಿಸಿ ನಿಧಾನ ಕಾಯಿಸಬೇಕು, ಕೈಯಾಡಿಸುತ್ತಲೇ ಇರಬೇಕು. ಕುದಿಯುವ ನೀರಿಗೇ ಹಾಕಿದರೆ ಮಡಿಕೆಗಳಲ್ಲಿ ಗೆರೆ ನಿಲ್ಲುತ್ತದೆ. ಕಪ್ಪು ಛಾಯೆ ಬೇಕಾದರೆ ಅನ್ನಭೇದಿ ಎಂಬ ಕಬ್ಬಿಣದ ಉಪ್ಪು, 20 ಗ್ರಾಂ ದಾಟದಂತೆ. ಕಬ್ಬಿಣ ಹೆಚ್ಚಾದರೆ ಬಣ್ಣವೇನೋ ಗಾಢವಾಗುತ್ತದೆ, ಆದರೆ ನೂಲು ಲಡ್ಡಾಗಿ ಕೆಲವು ವರ್ಷಕ್ಕೇ ಹರಿಯುತ್ತದೆ. ಮಲೆನಾಡಿನ ಜಂಬಿಟ್ಟಿಗೆ ನೆಲದ ಬಾವಿಗಳಲ್ಲಿ ನೀರಿಗೇ ಕಬ್ಬಿಣದಂಶ ಇರುವುದುಂಟು. ಕೆಂಗಂದು ಬರಬೇಕಾದದ್ದು ಮಂಕು ಕಂದಾದರೆ ಮೊದಲು ನೀರನ್ನು ಅನುಮಾನಿಸಬೇಕು. ಹಂಡೆಯಿಂದ ಹಂಡೆಗೆ ಚೊಗರಿನ ಹದ ಬೇರೆ. ಹಾಗಾಗಿ ತುಂಡು ಬಟ್ಟೆಯಲ್ಲಿ ಪರೀಕ್ಷಿಸದೆ ಥಾನಿಗೆ ಕೈ ಹಾಕಬಾರದು. ಒಂದೇ ರಾಶಿಯ ಎರಡು ಅಂಗಿಗಳ ಬಣ್ಣ ಕೊಂಚ ಹೆಚ್ಚುಕಡಿಮೆ ಇದ್ದರೆ ಅಂಗಡಿಯವರ ಮೇಲೆ ಮುನಿಯುವುದು ನ್ಯಾಯವಲ್ಲ.

ಕೊಂಡ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ, ಅಂಟುವಾಳ ಸಿಕ್ಕರೆ ಅದರಲ್ಲೇ ಒಗೆಯಿರಿ. ನಿಂಬೆ, ಹುಣಸೆ ಹುಳಿ ಸಿಡಿದ ಕಡೆ ಬಣ್ಣ ತಿಳಿಯಾಗುತ್ತದೆ. ಸಾರು ಬಡಿಸುವಾಗ ಜೋಕೆ.

ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ ಬಗ್ಗೆ ಹೇಳದವರಿಲ್ಲ, ಇಲ್ಲಿ ಎರಡು ಮಾತು ಸಾಕು. 1949ರಲ್ಲಿ ಹುಟ್ಟಿದ ಸಂಸ್ಥೆಯನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅಡಿಕೆ ಬೆಳೆಗಾರರಾಗಿದ್ದವರು, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ಅದರ ನಾಟಕ ತಂಡ ‘ತಿರುಗಾಟ’ 1985ರಿಂದ ಊರೂರು ಸುತ್ತುತ್ತಿದೆ. ಹೆಗ್ಗೋಡಿನಲ್ಲಿ ಆಟವಿರುವ ಸಂಜೆ ನೋಡಿಕೊಂಡು ಹೊರಟರೆ ರಾತ್ರಿ ಉಳಿಯಲು ಜಾಗ ಮೊದಲೇ ಗೊತ್ತು ಮಾಡಿರಬೇಕು.

ಚಿತ್ತಾರ ನೋಡಲು ದೀವರ ಮನೆಗಳಿಗೇ ಹೋಗಬೇಕು. ಮದುವೆಗೆ ಗೋಡೆಯ ಮೇಲೆ ಬರೆಯುವುದು ಹಸೆ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆ ಪೂರಾ ಒಣಗಬೇಕು, ಹಸಿಯಿದ್ದರೆ ಕೆಂಪು ಬಿಳಿಗೆ ಹತ್ತುತ್ತದೆ. ಬಿಳಿಗೆ ನೆನೆಸಿ ನುಣ್ಣಗೆ ಅರೆದ ಅಕ್ಕಿ, ಕಪ್ಪಿಗೆ ಕರಿಕಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಗೆ ಕಾಯಿ. ಕುಂಚ ಪುಂಡಿ ನಾರಿನದು. ಅಕ್ಕಿ ಹಿಟ್ಟು ನೀರಾದರೆ ಒಣಗಿದ ಮೇಲೆ ಗೆರೆ ಕಾಣುವುದಿಲ್ಲ, ಮಂದವಾದರೆ ಹಕ್ಕಳೆ ಏಳುತ್ತದೆ. ಆಯಿಲ್ ಪೇಂಟ್ ಹೊಡೆದ ಗೋಡೆಯನ್ನು ಇದು ಹಿಡಿಯುವುದೇ ಇಲ್ಲ. ಚಿತ್ತಾರ ಕಾಗದಕ್ಕೂ ಬಟ್ಟೆಗೂ ಇಳಿದದ್ದಕ್ಕೆ ಇದೂ ಒಂದು ಕಾರಣ ಎನ್ನಬಹುದು.

ಅದೇ ಕೈ ಭೂಮಿಗೆ ಉಣಿಸುವ ಹಬ್ಬವಾದ ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೂ ಆಡುತ್ತದೆ. ಭೂಮಣ್ಣಿ ಬುಟ್ಟಿ ಎನ್ನುವ ಇದಕ್ಕೆ ಸಗಣಿ, ಆಮೇಲೆ ಕೆಮ್ಮಣ್ಣು ಬಳಿದು ಒಣಗಿಸಿ, ಅದರ ಮೇಲೆ ತೇರು, ಬತ್ತದ ಸಸಿ ಬರೆಯುತ್ತಾರೆ. ವಿಜಯದಶಮಿಯಿಂದ ಹುಣ್ಣಿಮೆಗೆ ಐದೇ ದಿನ, ಬರೆಯುವುದನ್ನು ನೋಡಬೇಕೆಂದರೆ ಆಗಲೇ ಬರಬೇಕು. ಹುಣ್ಣಿಮೆಯ ಹಿಂದಿನ ರಾತ್ರಿಯಿಡೀ ಒಲೆ ಆರುವುದಿಲ್ಲ. ಹತ್ತಾರು ಬಗೆಯ ಸೊಪ್ಪು, ಕಾಯಿಗಳು ಬೇಯುತ್ತವೆ. ಆಗ ಬತ್ತ ಹೊಡೆ ತುಂಬಿರುತ್ತದೆ, ಬಸುರಿ ಭೂಮಿಗೆ ಬಯಕೆಯ ಊಟ. ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಗದ್ದೆಗೆ ಹೊರಡುತ್ತಾರೆ. ಅಷ್ಟು ಹೊತ್ತಿಗೆ ಸಾಗರದಿಂದ ಬಸ್ಸಿಲ್ಲ, ಸ್ವಂತ ವಾಹನ ಬೇಕು. ಕರೆದರೆ ಮಾತ್ರ ಜೊತೆಗೆ ಹೋಗಿ, ಗದ್ದೆಯಂಚಿನ ಮೇಲೇ ನಡೆಯಿರಿ. ಹೊಡೆ ತುಂಬಿದ ಬತ್ತ ತುಳಿದು ಮುರಿದರೆ ಮತ್ತೆ ಏಳುವುದಿಲ್ಲ.